ಇಪ್ಪತ್ತೇಳು ಉಚ್ಛ್ವಾಸಗಳ ಲೆಕ್ಕ

ನಮ್ಮ ಬಸದಿಗಳಲ್ಲಿ ಇಂದು ಅತ್ಯಂತ ಅವಸರದಿಂದ ಜರುಗುವ ಕ್ರಿಯೆ ಯಾವುದೆಂದು ಯಾರಾದರೂ ಕೇಳಿದರೆ, ಕಾಯೋತ್ಸರ್ಗವೆಂದು ಉತ್ತರಿಸಬೇಕಾಗುತ್ತದೆ. ದೇಹದ ಮೇಲಣ ಮಮತ್ವವನ್ನು ತೊರೆದು ನಿಶ್ಚಲವಾಗಿ ನಿಲ್ಲಬೇಕಾದ ಹೊತ್ತಿನಲ್ಲಿಯೇ ಶ್ರಾವಕ ಸಮೂಹವು ಓಡತೊಡಗಿದೆ. ಇದನ್ನು ದೋಷವೆಂದು ಕರೆಯಲು ಸಂಕೋಚಪಡಬೇಕಾದ ಕಾರಣವಿಲ್ಲ.

ಲೆಕ್ಕ ಸರಳವಾಗಿದೆ. ಒಂದು ಕಾಯೋತ್ಸರ್ಗಕ್ಕೆ ಒಂಬತ್ತು ಸಲ ಪಂಚನಮಸ್ಕಾರ ಮಂತ್ರ. ಒಂದೊಂದು ಮಂತ್ರಕ್ಕೆ ಮೂರು ಉಸಿರು. ಮೊದಲೆರಡು ಪದಗಳಿಗೆ ಒಂದು, ನಡುವಿನೆರಡಕ್ಕೆ ಒಂದು, ಕೊನೆಯ ಪದಕ್ಕೆ ಒಂದು. ಹೀಗೆ 27 ಉಚ್ಛ್ವಾಸಗಳು. ಆರೋಗ್ಯವಂತನು ವಿರಾಮವಾಗಿ ಉಸಿರಾಡಿದರೆ ಇದಕ್ಕೆ ಸುಮಾರು ಎರಡು ನಿಮಿಷ ಬೇಕು. ನಮ್ಮಲ್ಲಿ ಅರ್ಧ ನಿಮಿಷ ಸಂದಿರುವುದಿಲ್ಲ, ಧ್ವನಿವರ್ಧಕದ ಮುಂದಿರುವವರು ಮುಂದಿನ ಪಾಠವನ್ನು ಎತ್ತಿಕೊಂಡಾಗಿರುತ್ತದೆ! ಮೂಲಾಚಾರವು ದೈವಸಿಕ ಪ್ರತಿಕ್ರಮಣದ ಕಾಯೋತ್ಸರ್ಗಕ್ಕೆ 108, ರಾತ್ರಿಕಕ್ಕೆ 54, ಪಾಕ್ಷಿಕಕ್ಕೆ 300, ಚಾತುರ್ಮಾಸಿಕಕ್ಕೆ 400, ಸಾಂವತ್ಸರಿಕಕ್ಕೆ 500 ಉಚ್ಛ್ವಾಸಗಳನ್ನು ವಿಧಿಸಿದೆ. ಐನೂರು ಉಸಿರೆಂದರೆ ಅರ್ಧ ಗಂಟೆಗೂ ಮಿಕ್ಕ ಕಾಲ. ಅದೇ ಗ್ರಂಥವು ಕಾಯೋತ್ಸರ್ಗದ 32 ದೋಷಗಳನ್ನೂ ಎಣಿಸಿದೆ: ಕುದುರೆಯಂತೆ ಒಂದು ಕಾಲೆತ್ತಿ ನಿಲ್ಲುವುದು, ಬಳ್ಳಿಯಂತೆ ತೂಗುವುದು, ಗೋಡೆಗೆ ಆತುಕೊಳ್ಳುವುದು, ಕಾಗೆಯಂತೆ ಅತ್ತಿತ್ತ ಕಣ್ಣು ಹೊರಳಿಸುವುದು. ಗಡಿಯಾರ ನೋಡುವ ಕಣ್ಣು ಇವುಗಳಲ್ಲಿ ಯಾವುದಕ್ಕೆ ಸೇರುವುದೆಂಬುದನ್ನು ವಾಚಕರೇ ನಿರ್ಣಯಿಸಲಿ.

ಈ ಮಾತನ್ನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಧರ್ಮಬಂಧುಗಳಿಗೆ ವಿಶೇಷವಾಗಿ ಹೇಳುವುದಕ್ಕೆ ಕಾರಣವುಂಟು. ಸೇಡಂ ತಾಲೂಕಿನ ಕಾಗಿಣಾ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ರಾಜ್ಯಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಅದರಲ್ಲಿ ಕಾಲದ ಪರಿಮಾಣವು ಉಸಿರಿನಿಂದ ಮೇಲೇರುತ್ತದೆ: 7 ಉಚ್ಛ್ವಾಸಕ್ಕೆ ಒಂದು ಸ್ತೋಕ, 7 ಸ್ತೋಕಕ್ಕೆ ಒಂದು ಲವ, ಮೂವತ್ತೆಂಟೂವರೆ ಲವಕ್ಕೆ ಒಂದು ಘಟಿ, ಎರಡು ಘಟಿಗೆ ಒಂದು ಮುಹೂರ್ತ. ಗುಣಿಸಿದರೆ ಮುಹೂರ್ತಕ್ಕೆ 3773 ಬರುತ್ತದೆ. ಮುಹೂರ್ತವೆಂದರೆ 48 ನಿಮಿಷ; ಆದುದರಿಂದ ನಿಮಿಷಕ್ಕೆ 78ಕ್ಕಿಂತ ತುಸು ಹೆಚ್ಚು. ಇದು ಸ್ವಸ್ಥ ಮನುಷ್ಯನ ನಾಡಿಮಿಡಿತಕ್ಕೆ ಸಮೀಪದ ಸಂಖ್ಯೆ. ಕಾಯೋತ್ಸರ್ಗದ ದೀರ್ಘ ಉಸಿರು ಬೇರೆಯೇ ಎಂಬುದನ್ನು ಮರೆಯಬಾರದು. ಅದೇನೇ ಇರಲಿ, ನಮ್ಮ ಪೂರ್ವಿಕರು ಕಾಲವನ್ನು ಅಳೆಯಲು ಮೊದಲು ಮುಟ್ಟಿದ್ದು ಜೀವಂತ ದೇಹವನ್ನು. ಅದೇ ನೃಪತುಂಗನ ಗುರುಗಳಾದ ಜಿನಸೇನಾಚಾರ್ಯರು ಒಂದು ವರ್ಷವಿಡೀ ಪ್ರತಿಮಾಯೋಗದಲ್ಲಿ ನಿಂತ ಬಾಹುಬಲಿಯನ್ನು ಆದಿಪುರಾಣದಲ್ಲಿ ಚಿತ್ರಿಸಿದರು. ಆ ನೆಲದಲ್ಲಿ ಎರಡು ನಿಮಿಷ ನಿಲ್ಲಲು ನಮಗೆ ಪುರುಸೊತ್ತಿಲ್ಲ.

ಟ್ರಸ್ಟುಗಳ ವೇಳಾಪಟ್ಟಿಯನ್ನೂ ನೋಡೋಣ. ಈ ಭಾಗದಲ್ಲಿ ಕಾರ್ತಿಕದ ಸೂರ್ಯನು ಆರು ಗಂಟೆಗೆ ಮುಂಚೆಯೇ ಮುಳುಗುತ್ತಾನೆ. ಆಷಾಢದಲ್ಲಿ ಏಳರ ಸಮೀಪ. ಒಂದು ಗಂಟೆಗೂ ಮಿಗಿಲಾದ ಅಂತರ! ಆದರೂ ಎಷ್ಟೋ ಕಡೆ ಫಲಕದ ಮೇಲಣ ಸಂಜೆಯ ಸಮಯ ವರ್ಷವಿಡೀ ಒಂದೇ. ಸೂರ್ಯಾಸ್ತಕ್ಕೆ ಎರಡು ಘಟಿ ಮುಂಚೆ ಊಟ ಮುಗಿಸಬೇಕೆನ್ನುವ ಮನೆಯವರು ಯಾವುದನ್ನು ನಂಬಬೇಕು, ಸೂರ್ಯನನ್ನೋ ಫಲಕವನ್ನೋ? ಅತಿಥಿಗಳ ರೈಲು ವಾಡಿ ಜಂಕ್ಷನ್ನಿಗೆ ತಡವಾಗಿ ಬಂದರೆ ಅಭಿಷೇಕ ಕಾಯುತ್ತದೆ, ಸನ್ಮಾನ ಬೆಳೆಯುತ್ತದೆ. ಕತ್ತರಿ ಬೀಳುವುದು ಸಾಮಾಯಿಕಕ್ಕೆ ಮಾತ್ರ.

ವೃದ್ಧರ ಸಂಗತಿ ಇನ್ನೂ ನೋವಿನದು. ಸಾಮಾಯಿಕಕ್ಕೆ ಹನ್ನೆರಡು ಆವರ್ತ, ನಾಲ್ಕು ಪ್ರಣಾಮ, ಎರಡು ಸಲ ಕುಳಿತು ವಂದಿಸುವ ವಿಧಿಯುಂಟು. ಶಹಾಬಾದ್ ಕಲ್ಲಿನ ತಣ್ಣನೆಯ ನೆಲದಿಂದ ಎಪ್ಪತ್ತು ವರ್ಷದ ಅಜ್ಜಿ ಮೊಣಕಾಲಿಗೆ ಕೈಯೂರಿ ಏಳುವಷ್ಟರಲ್ಲಿ ತರುಣರು ಮುಂದಿನ ವಂದನೆಗೆ ಬಾಗಿರುತ್ತಾರೆ. ನಾಲ್ಕು ದಿನ ಹೀಗಾದರೆ ಆಕೆ ಗೋಡೆಯ ಬದಿಗೆ ಸರಿದು ಕೂರುತ್ತಾಳೆ, ಐದನೆಯ ದಿನ ಮನೆಯಲ್ಲಿಯೇ ಉಳಿಯುತ್ತಾಳೆ. ಇದು ಹಿಂಸೆಯ ಯಾವ ಭೇದಕ್ಕೂ ಸೇರದೆಂದು ಹೇಳುವ ಧೈರ್ಯ ನನಗಿಲ್ಲ.

ಭಾವವೇ ಮುಖ್ಯ, ಕಾಲವಲ್ಲವೆಂದು ಪಂಡಿತರು ಕೆಲವರು ವಾದಿಸುವರು. ಭಾವ ಮುಖ್ಯವೆಂಬುದು ನಿಜ. ಅನಾದರವೂ ಒಂದು ಭಾವವೇ. ಸಾಮಾಯಿಕದ ಐದು ಅತಿಚಾರಗಳಲ್ಲಿ ಸಮಂತಭದ್ರಾಚಾರ್ಯರು ಅದನ್ನು ಹೆಸರಿಸಿಯೇ ಇದ್ದಾರೆ. ಬೇಗ ಮುಗಿಯಲೆಂಬ ಮನಸ್ಸು ಅನಾದರವಲ್ಲದೆ ಮತ್ತೇನು?

ಕಾರ್ಖಾನೆಯ ಪಾಳಿಯಲ್ಲಿ ದುಡಿಯುವವರು ಕೇಳುವ ಪ್ರಶ್ನೆಗೆ ಮಾತ್ರ ತೂಕವಿದೆ. ರಾತ್ರಿಪಾಳಿ ಮುಗಿಸಿ ಸುಣ್ಣಕಲ್ಲಿನ ದೂಳಿನೊಡನೆ ಮನೆಗೆ ಬಂದವನಿಗೆ ಸಾಮಾಯಿಕದ ವೇಳೆ ಎಲ್ಲಿ? ಶಾಸ್ತ್ರವು ಅವನಿಗೆ ನಿರ್ದಯವಾಗಿಲ್ಲ. ಸಾಮಾಯಿಕದ ಉತ್ತಮ ಕಾಲ ಆರು ಘಟಿ, ಮಧ್ಯಮ ನಾಲ್ಕು, ಜಘನ್ಯ ಎರಡು. ಅಷ್ಟೂ ಆಗದ ದಿನ ಒಂದೇ ಕಾಯೋತ್ಸರ್ಗ, 27 ಉಸಿರು, ಪೂರ್ತಿಯಾಗಿ ಮಾಡಲಿ. ದೊಡ್ಡ ವಿಧಿಯನ್ನು ಹಿಂಡಿ ಚಿಕ್ಕದಾಗಿಸುವುದಕ್ಕಿಂತ ಚಿಕ್ಕ ವಿಧಿಯನ್ನು ಅದರ ಪೂರ್ಣಾವಧಿಯಲ್ಲಿ ನಡೆಸುವುದೇ ಮೇಲು. 1975ರಲ್ಲಿ ಪ್ರೇಕ್ಷಾಧ್ಯಾನವನ್ನು ರೂಪಿಸಿದ ತೇರಾಪಂಥದ ಮಹಾಪ್ರಜ್ಞರು ಕಾಯೋತ್ಸರ್ಗವನ್ನೂ ದೀರ್ಘಶ್ವಾಸವನ್ನೂ ಅದರ ಅಂಗವಾಗಿಸಿದರು. ಪರರಾಜ್ಯಗಳ ಶಿಬಿರಗಳಿಗೆ ಶುಲ್ಕ ತೆತ್ತು ಹೋಗಿ ನಿಧಾನವಾಗಿ ಉಸಿರಾಡಲು ಕಲಿತು ಬರುವ ನಮ್ಮ ಯುವಕರು ತಮ್ಮೂರ ಬಸದಿಯಲ್ಲಿ ಅದೇ ಉಸಿರನ್ನು ಬಿಗಿಹಿಡಿದು ಓಡುವುದೇಕೆ?

ಧರ್ಮದರ್ಶಿಗಳಲ್ಲಿ ಬೇಡುವುದು ಹೆಚ್ಚೇನಲ್ಲ. ತಿಂಗಳು ತಿಂಗಳ ಸೂರ್ಯೋದಯ, ಸೂರ್ಯಾಸ್ತಗಳ ಪಟ್ಟಿಯನ್ನು ಬಾಗಿಲಲ್ಲಿ ತೂಗುಹಾಕಿಸಿರಿ. ಕಾಯೋತ್ಸರ್ಗದ ವೇಳೆ ಧ್ವನಿವರ್ಧಕವನ್ನು ಆರಿಸಿರಿ. ಸಭೆಯಲ್ಲಿ ಎಲ್ಲರಿಗಿಂತ ಹಿರಿಯರಾದವರು ಕಣ್ಣು ತೆರೆದ ಮೇಲೆಯೇ ಮುಂದಿನ ಪಾಠ ಆರಂಭವಾಗಲಿ. ಸಾಂವತ್ಸರಿಕ ಪ್ರತಿಕ್ರಮಣದ ದಿನ ಹಾರತುರಾಯಿಗಳ ಕಾರ್ಯಕ್ರಮವನ್ನು ಮರುದಿನಕ್ಕೆ ಇಟ್ಟುಕೊಳ್ಳಿರಿ.