ಸಂಸಾರದ ಲೆಕ್ಕ: ಮುಳ್ಳು ಇಳಿದ ಮೇಲೆ

ಸರಕಾರಿ ಕಚೇರಿಯ ಗುಮಾಸ್ತನಿಗೆ ಕಾರು ಯಾಕೆ ಎಂದು ವಾಚಕರು ಕೇಳಬಹುದು. ನಮ್ಮ ಕಚೇರಿಯಲ್ಲಿ ಆಗಲೇ ಕೇಳಿದ್ದಾರೆ. ಉತ್ತರ ಧಾರವಾಡದಲ್ಲಿದೆ. ಅಲ್ಲಿ ನಮ್ಮ ಅವ್ವ ಇದ್ದಾಳೆ. ಎರಡೂ ಮೊಣಕಾಲು ಹಿಡಿದುಕೊಂಡು ಬಸ್ಸಿನ ಮೆಟ್ಟಿಲು ಹತ್ತಲಾರಳು, ರೈಲಿನ ಮಾತಂತೂ ದೂರವೇ ಉಳಿಯಿತು. ವರುಷಕ್ಕೆ ಎರಡು ಸಲ ಆಕೆಯನ್ನು ಪುಣೆಗೆ ಕರೆತರಲು, ತಿರುಗಿ ಊರು ಮುಟ್ಟಿಸಲು, 2018ರಲ್ಲಿ ನಾವೊಂದು ಹಳೆಯ ಕಾರು ಕೊಂಡೆವು. 2011ರ ಮಾದರಿ, ಮೂರು ಸಿಲಿಂಡರಿನ ಸಣ್ಣ ಗಾಡಿ. ಅಕ್ಕಪಕ್ಕದವರು ಅದನ್ನು ಕಾರೆಂದು ಕರೆಯುವುದು ಸೌಜನ್ಯಕ್ಕೆ.

2023ರ ಮೇ ತಿಂಗಳಲ್ಲಿ ಅವ್ವನನ್ನು ಕರೆತರಲು ಹೊರಟಿದ್ದೆವು. ಪುಣೆಯಿಂದ ಧಾರವಾಡಕ್ಕೆ ಸುಮಾರು 420 ಕಿಲೋಮೀಟರು. ಸಾತಾರಾಕ್ಕೆ ಮೊದಲು ಖಂಬಾಟಕಿ ಘಾಟಿಯನ್ನು ಏರುವಾಗ ಉಷ್ಣ ತೋರಿಸುವ ಮುಳ್ಳು ಮೇಲೇರತೊಡಗಿತು. ಹಿಂದಿನ ಸೀಟಿನಿಂದ ನಮ್ಮ ಮನೆಯವರು, “ನಿಂದರಸ್ರಿ” ಎಂದರು. ಹಿಂದೆ ಲಾರಿಗಳ ಸಾಲು. ಇನ್ನೊಂದು ತಿರುವು ದಾಟಿ ನಿಲ್ಲಿಸೋಣ ಎಂದೆವು. ಆ ತಿರುವಿನಲ್ಲಿ ಮುಳ್ಳು ತಾನಾಗಿಯೇ ಸರ್ರನೆ ಕೆಳಗಿಳಿಯಿತು. “ನೋಡು, ಇಳೀತು” ಎಂದು ಹೆಮ್ಮೆಯಿಂದ ಹೇಳಿ ಮುಂದೆ ಓಡಿಸಿದೆವು.

ಆ ಮಾತಿನ ಬೆಲೆ ಎಷ್ಟೆಂಬುದು ಮುಂದೆ ತಿಳಿಯಿತು. ರೇಡಿಯೇಟರಿನ ಒಂದು ರಬ್ಬರ್ ಪೈಪು ಒಡೆದು ನೀರೆಲ್ಲ ರಸ್ತೆಯ ಪಾಲಾಗಿತ್ತು. ಉಷ್ಣ ಅಳೆಯುವ ಸಾಧನ ಕೆಲಸ ಮಾಡುವುದು ನೀರಿನಲ್ಲಿ ಮುಳುಗಿದ್ದಾಗ. ನೀರೇ ಇಲ್ಲವೆಂದ ಮೇಲೆ ಅದು ಏನನ್ನು ಅಳೆಯಬೇಕು? ಮುಳ್ಳು ಇಳಿದದ್ದು ಇಂಜಿನು ತಣ್ಣಗಾಗಿ ಅಲ್ಲ. ಎರಡು ಕಿಲೋಮೀಟರು ಹೋಗುವಷ್ಟರಲ್ಲಿ ಎಳೆತ ಹೋಯಿತು, ಕಟಕಟ ಸದ್ದು ಬಂತು, ಗಾಡಿ ನಿಂತಿತು. ಅದನ್ನು ಎಳೆಸಿಕೊಂಡು ಪುಣೆಗೆ ಮರಳಿದೆವು. ಅವ್ವ ಧಾರವಾಡದಲ್ಲಿ ಚೀಲ ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದಳು.

ಇನ್ನು ಹಣದ ಮಾತು. ನಮ್ಮ ಮನೆಯವರು ಓಣಿಯ ಹೆಂಗಸರ ಭಿಶಿಯಲ್ಲಿ ಕಟ್ಟಿದ 60,000 ರೂಪಾಯಿ ಕೈಗೆ ಬಂದಿತ್ತು. ಅದು ಅವ್ವನ ಮೊಣಕಾಲಿನ ಶಸ್ತ್ರಕ್ರಿಯೆಗೆ ತೆಗೆದಿಟ್ಟದ್ದು. ಕಾರು ದುರಸ್ತಿಯಾಗದಿದ್ದರೆ ಅವ್ವ ಬರುವುದು ಹೇಗೆ? ಕಾರಿಗೇ ಹಣ ಸುರಿದರೆ ಅವ್ವ ಬಂದಾದರೂ ಮಾಡುವುದೇನು? ಬಿ.ಎ.ಯಲ್ಲಿ ತರ್ಕಶಾಸ್ತ್ರ ಓದಿದ್ದೆವು. ಇಂಥದ್ದಕ್ಕೆ ಅದರಲ್ಲಿ ಪರಿಹಾರ ಇದ್ದಂತೆ ನೆನಪಿಲ್ಲ.

ದೊಡ್ಡ ವರ್ಕ್‌ಶಾಪೊಂದಕ್ಕೆ ಮೊದಲು ಹೋದೆವು. ಬಿಳಿ ಅಂಗಿಯ ತರುಣನೊಬ್ಬ ಬಾನೆಟ್ಟು ಎತ್ತಿ, ಆಯಿಲ್ ಮುಚ್ಚಳ ತೆಗೆದು ತೋರಿಸಿದ. ಕಪ್ಪಗಿರಬೇಕಾದ ಎಣ್ಣೆ ಹಾಲು ಬೆರೆಸಿದ ಕಾಫಿಯಂತಿತ್ತು. ಉಳಿದಿದ್ದ ಅಷ್ಟಿಷ್ಟು ನೀರು ಎಣ್ಣೆಗೆ ಸೇರಿದ್ದರ ಗುರುತು. ಅಷ್ಟನ್ನೇ ನೋಡಿ ಆತ ಹೊಸ ಇಂಜಿನು ಕೂರಿಸಲು 1,10,000 ರೂಪಾಯಿಯ ಅಂದಾಜು ಬರೆದುಕೊಟ್ಟ. ಇನ್ನೊಬ್ಬ ದಲಾಲಿ ಮುಂಬಯಿಯ ಕುರ್ಲಾದಿಂದ ಹಳೆಯ ಇಂಜಿನು ತರಿಸಿ 45,000ಕ್ಕೆ ಹಾಕಿಸುತ್ತೇನೆಂದ. ಮೂರನೆಯವನು ಇದ್ದಂತೆಯೇ ಗಾಡಿಯನ್ನು 38,000ಕ್ಕೆ ಒಯ್ಯುತ್ತೇನೆಂದು ಮನೆತನಕ ಬಂದ. ಗಾಡಿ ಸರಿಯಾಗಿದ್ದರೆ ಅದರ ಬೆಲೆ 1,30,000ದ ಆಸುಪಾಸು.

ವಿಮೆಯ ಆಸೆಯೂ ಇತ್ತು. ಅಪಘಾತ, ಬೆಂಕಿ, ಕಳವು, ನೆರೆ ಇವುಗಳಿಗೆ ವಿಮೆ ಉಂಟು. ತಾನಾಗಿ ಕೆಟ್ಟ ಯಂತ್ರಕ್ಕೆ ಇಲ್ಲ. ಕಡತ ಅಲ್ಲಿಗೇ ಮುಗಿಯಿತು.

ಆ ರಾತ್ರಿ ಹೊಸ ಇಂಜಿನಿನ ಪರವಾಗಿ ನಾವು ದೊಡ್ಡ ಭಾಷಣ ಮಾಡಿದೆವು. ಸಾಲ ತೆಗೆಯೋಣ, ಒಮ್ಮೆ ಹಾಕಿಸಿದರೆ ಹತ್ತು ವರುಷ ಚಿಂತೆಯಿಲ್ಲ, ಇತ್ಯಾದಿ. ನಮ್ಮ ಮನೆಯವರು ರೊಟ್ಟಿ ಬಡಿಯುತ್ತಲೇ, “ಇಂಜಿನ್ ಹೊಸಾದು ಹಾಕಿಸಿದ್ರ ಕಾರು ಹೊಸಾದು ಆಗತೈತೇನ್ರಿ?” ಎಂದು ಕೇಳಿದರು. ಆಗುವುದಿಲ್ಲ. ಖಾಸಗಿ ಕಾರಿನ ನೋಂದಣಿ ಮೊದಲ ಸಲಕ್ಕೆ 15 ವರುಷ. 2026ರಲ್ಲಿ ಮತ್ತೆ ತಪಾಸಣೆ, ಮತ್ತೆ ಶುಲ್ಕ. ಬಾಗಿಲಿನ ತುಕ್ಕು, ಸವೆದ ಗೇರುಪೆಟ್ಟಿಗೆ ಹಾಗೆಯೇ ಉಳಿಯುತ್ತವೆ. ಲಕ್ಷದ ಹತ್ತು ಸಾವಿರ ಹಾಕಿದರೂ ಮಾರುವಾಗ ಗಿರಾಕಿ ಅದರಲ್ಲಿ ಕಾಲುಭಾಗ ಕೂಡ ಹೆಚ್ಚು ಕೊಡಲಾರ.

ಹಳೆಯ ಇಂಜಿನಿನ ತೊಡಕು ಬೇರೆ. ಕುರ್ಲಾ ಆಗಲಿ, ಚೆನ್ನೈಯ ಪುದುಪೇಟೆ, ದಿಲ್ಲಿಯ ಮಾಯಾಪುರಿ ಆಗಲಿ, ಅಲ್ಲಿ ಸಾಲಾಗಿ ಇಟ್ಟ ಇಂಜಿನುಗಳಲ್ಲಿ ಒಳ್ಳೆಯವು ಇಲ್ಲವೆಂದಲ್ಲ. ಆದರೆ ಅದು ಎಷ್ಟು ಓಡಿದೆ, ಯಾವ ನೆರೆಯಲ್ಲಿ ಮುಳುಗಿ ಎದ್ದಿದೆ, ಯಾರ ಗಾಡಿಯದು ಎಂದು ಹೇಳುವವರಾರು? ಇಂಜಿನಿನ ನಂಬರು ಆರ್.ಸಿ.ಯಲ್ಲಿ ದಾಖಲಾಗಿರುತ್ತದೆ. ಬೇರೆ ಇಂಜಿನು ಹಾಕಿದರೆ ಆರ್.ಟಿ.ಓ. ಕಚೇರಿಯಲ್ಲಿ ಒಪ್ಪಿಗೆ ಪಡೆದು ಹೊಸ ನಂಬರು ಬರೆಸಬೇಕು. ಅದಕ್ಕೆ ಖರೀದಿಯ ರಸೀದಿ ಬೇಕು. ದಲಾಲಿಗೆ ರಸೀದಿ ಕೇಳಿದೆವು. “ಅದೆಲ್ಲಾ ಯಾಕ್ರೀ?” ಎಂದ. ಕಾಗದಪತ್ರದಲ್ಲಿಯೇ ಬದುಕುವ ನಮಗೆ ಆ ಒಂದು ಮಾತು ಸಾಕಾಯಿತು.

ಮರುದಿನ ಸಂಘದ ಹಿರಿಯರೊಬ್ಬರು ಹೇಳಿದ ಮಿಸ್ತ್ರಿಯ ಬಳಿ ಹೋದೆವು. ಇಂಡಿ ಕಡೆಯವನು, ಇಪ್ಪತ್ತು ವರುಷದಿಂದ ಪುಣೆಯಲ್ಲಿದ್ದಾನೆ. ರಿಪೇರಿಯೋ, ಬದಲಿಯೋ ಎಂದು ಕೇಳಿದ್ದಕ್ಕೆ, “ಸಾಹೇಬ್ರ, ಬಿಚ್ಚಿ ನೋಡಲಾರ್ದ ಹೇಳಾಕ ನಾ ಮಿಸ್ತ್ರಿ ಅದೀನಿ, ಜೋಯಿಸ ಅಲ್ಲ” ಎಂದ. ಬಿಚ್ಚುವ ಮೊದಲು ಒಂದೊಂದೇ ಸಿಲಿಂಡರಿನ ಒತ್ತಡ ಅಳೆದ. ಮೊದಲನೆಯದು ನೆಟ್ಟಗಿತ್ತು, ಎರಡನೆಯದು, ಮೂರನೆಯದು ಕುಸಿದಿದ್ದವು. ಆ ಎರಡರೊಳಗೂ ಒಂದೊಂದು ಚಮಚೆಯಷ್ಟು ಎಣ್ಣೆ ಬಿಟ್ಟು ಮತ್ತೆ ಅಳೆದ. ಪಿಸ್ಟನ್ನಿನ ರಿಂಗು ಸವೆದಿದ್ದರೆ ಎಣ್ಣೆ ಆ ಸಂದು ಮುಚ್ಚಿ ಒತ್ತಡ ಏರಬೇಕು. ಏರಲಿಲ್ಲ. “ರೋಗ ಮ್ಯಾಲೈತ್ರಿ, ಕೆಳಗಿಲ್ಲ” ಎಂದ. ಇದು ನಮಗೆ ಹೊಸ ವಿದ್ಯೆ.

ಆತ ಹೇಳಿದ್ದಿಷ್ಟು. ಇಂಜಿನಿನ ಕೆಳಭಾಗ ಬೀಡುಕಬ್ಬಿಣ, ಮೇಲಿನ ಹೆಡ್ಡು ಅಲ್ಯುಮಿನಿಯಂ. ಕಾದಾಗ ಅಲ್ಯುಮಿನಿಯಂ ಬೀಡಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಎರಡನ್ನೂ ಬೋಲ್ಟಿನಿಂದ ಬಿಗಿದಿರುವುದರಿಂದ ಹಿಗ್ಗಲು ಜಾಗವಿಲ್ಲದ ಹೆಡ್ಡು ಸೊಟ್ಟಗಾಗುತ್ತದೆ, ನಡುವಿನ ಗ್ಯಾಸ್ಕೆಟ್ಟು ಸುಟ್ಟುಹೋಗುತ್ತದೆ. ಹೆಡ್ಡು ಕಳಚಿ ಅದರ ಮೇಲೆ ಉಕ್ಕಿನ ಪಟ್ಟಿಯಿಟ್ಟು, ಸಂದಿನಲ್ಲಿ ತೆಳ್ಳನೆಯ ಫೀಲರ್ ಗೇಜಿನ ಎಲೆ ತೂರಿಸಿ ತೋರಿಸಿದ. ನಮ್ಮ ಗಾಡಿಗೆ ಮಿತಿ 0.05 ಮಿಲಿಮೀಟರು; 0.15ರ ಎಲೆ ಸಲೀಸಾಗಿ ಹೊಕ್ಕಿತು. ಅಷ್ಟನ್ನು ಯಂತ್ರದಲ್ಲಿ ಹೆರೆಯಿಸಿ ಸಮಮಾಡಬಹುದು. ಬಿರುಕು ಬಿಟ್ಟಿದ್ದರೆ ಮಾತ್ರ ಹೆಡ್ಡೇ ಬೇರೆ ತರಬೇಕು. ಒತ್ತಡದ ನೀರು ಬಿಟ್ಟು ಪರೀಕ್ಷಿಸಿದಾಗ ಬಿರುಕು ಕಾಣಲಿಲ್ಲ. ಬ್ಲಾಕಿನ ಮೇಲ್ಮೈಗೂ ಪಟ್ಟಿ ಹಿಡಿದು ನೋಡಿದ. ಸಿಲಿಂಡರಿನ ಗೋಡೆಯ ಮೇಲೆ ಕಾರಖಾನೆಯಲ್ಲಿ ಎಳೆದ ಓರೆಗೆರೆಗಳು ಇನ್ನೂ ಇದ್ದವು. ಅವು ಅಳಿಸಿ, ಪಿಸ್ಟನ್ನು ಉಜ್ಜಿದ ಗಾಯ ಬಿದ್ದಿದ್ದರೆ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕಿತ್ತು. ಆಗ ಖರ್ಚು 55,000 ದಾಟುತ್ತಿತ್ತು, ನಾವೂ 38,000ದವನನ್ನು ಕರೆಸುತ್ತಿದ್ದೆವು.

22,000 ಎಂದು ಶುರುವಾದದ್ದು 31,400ಕ್ಕೆ ಮುಗಿಯಿತು. ಎಣ್ಣೆಗೆ ನೀರು ಬೆರೆತದ್ದರಿಂದ ಕೆಳಗಿನ ಬೇರಿಂಗುಗಳನ್ನು ನೋಡಲೇಬೇಕೆಂದ. ನೋಡಿದರೆ ಗೀರು ಬಿದ್ದಿದ್ದವು. ನೀರಿನ ಪಂಪು, ಥರ್ಮೊಸ್ಟ್ಯಾಟು, ಎಲ್ಲ ಪೈಪುಗಳು ಹೊಸವಾದವು. ಒಡೆದ ಪೈಪೊಂದರ ಬೆಲೆ 280 ರೂಪಾಯಿ. ರಸೀದಿಯಲ್ಲಿ ಆ ಸಾಲಿಗೆ ನಮ್ಮ ಮನೆಯವರು ಕೆಂಪು ಶಾಯಿಯಿಂದ ಗೆರೆ ಎಳೆದಿಟ್ಟಿದ್ದಾರೆ.

ನೀರು ಹೊಕ್ಕ ಇಂಜಿನಿನ ಕಥೆ ಬೇರೆ. ಮುಂಬಯಿ, ಚೆನ್ನೈ, ಹೈದರಾಬಾದಿನ ವಾಚಕರಿಗಾಗಿ ಎರಡು ಮಾತು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ 24 ತಾಸಿನಲ್ಲಿ 944 ಮಿಲಿಮೀಟರು ಮಳೆ ಸುರಿದಿತ್ತು. ಅಂಥ ದಿನ ನೀರಲ್ಲಿ ನಿಂತ ಗಾಡಿಯ ಚಾವಿ ತಿರುಗಿಸಿದರೆ, ಗಾಳಿ ಹೋಗುವ ದಾರಿಯಿಂದ ಸಿಲಿಂಡರಿಗೆ ಇಳಿದ ನೀರಿನ ಮೇಲೆ ಪಿಸ್ಟನ್ನು ಬಂದು ಹಾಯುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ಚಾವಿ ತಿರುಗಿಸಿ ಆದ ಹಾನಿಯನ್ನು ಸಾಮಾನ್ಯ ವಿಮೆ ಒಪ್ಪುವುದು ಕಷ್ಟ. ಇಂಜಿನ್ ರಕ್ಷಣೆಯ ಹೆಚ್ಚಿನ ಕಲಮಿಗೆ ಬೇರೆ ಕಂತು ಕಟ್ಟಿದವರಿಗೆ ಮಾತ್ರ ದಾರಿಯುಂಟು. ನೆರೆಯ ದುರಸ್ತಿ ಖರ್ಚು ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆಯ 75 ಶೇಕಡ ಮೀರಿದರೆ ಕಂಪನಿಯವರು ಗಾಡಿಯನ್ನೇ ಪೂರ್ಣ ನಷ್ಟವೆಂದು ಗಣಿಸುತ್ತಾರೆ. ಆಗ ರಿಪೇರಿಯೋ ಬದಲಿಯೋ ಎಂಬ ಚರ್ಚೆಯೇ ಉಳಿಯುವುದಿಲ್ಲ. ಗಾಡಿಯನ್ನು ಮುಟ್ಟದೆ ಎಳೆಸಿಕೊಂಡು ಹೋಗುವುದೇ ಲೇಸು.

ನಮ್ಮಲ್ಲಿ ಭಿಶಿಯ ಹಣ 28,600 ಉಳಿಯಿತು. ಕಡಿಮೆ ಬಿದ್ದದ್ದಕ್ಕೆ ಕಚೇರಿಯ ಸೊಸಾಯಟಿಯಲ್ಲಿ ಸಾಲ ತೆಗೆದೆವು. ಸಾಲವಿಲ್ಲದೆ ಮುಗಿಸಿದೆವೆಂದು ಬರೆದರೆ ಸುಳ್ಳಾದೀತು. ಶಸ್ತ್ರಕ್ರಿಯೆ ದೀಪಾವಳಿಯ ಆಚೆಗೆ ಹೋಯಿತು.

ದಸರೆಗೆ ಅವ್ವನನ್ನು ಕರೆತರಲು ಹೋದಾಗ ಆಕೆಗೆ ಇಡೀ ಕಥೆ ಮೊದಲೇ ಗೊತ್ತಿತ್ತು. ಸೊಸೆ ಫೋನಿನಲ್ಲಿ ಏನನ್ನೂ ಬಿಟ್ಟಿರಲಿಲ್ಲ. ಮುಂದಿನ ಸೀಟಿನಲ್ಲೇ ಕೂಡುತ್ತೇನೆಂದು ಹಟ ಹಿಡಿದು ಕೂತಳು. ಬೆಳಗಾವಿ ದಾಟಿತು, ನಿಪ್ಪಾಣಿ ದಾಟಿತು. ಕೊಲ್ಹಾಪುರದ ಹತ್ತಿರ, “ತಮ್ಮಾ, ಅದರಾಗ ಯಾವ ಮುಳ್ಳೋ?” ಎಂದು ಕೇಳಿದಳು. ತೋರಿಸಿದೆವು. ಅಲ್ಲಿಂದ ಪುಣೆಯವರೆಗೆ ಆಕೆ ಕಿಟಕಿಯ ಹೊರಗೆ ನೋಡಲಿಲ್ಲ. ಖಂಬಾಟಕಿಯ ಸುರಂಗದ ಮುಂದೆ ಬಂದಾಗ ಮುಳ್ಳು ನಟ್ಟನಡುವೆ ಇತ್ತು. ಆದರೂ ಅವ್ವ ನಮ್ಮ ತೋಳು ಹಿಡಿದು, “ಒಂದೀಟು ನಿಂದರಸು, ಚಾ ಕುಡಿಯೋಣು” ಎಂದಳು. ಈ ಸಲ ನಾವು ಇನ್ನೊಂದು ತಿರುವು ಎನ್ನಲಿಲ್ಲ.