ಬೀದರ್‌ಗೆ ಬೇಕಾದ ರಸಾಯನಶಾಸ್ತ್ರ

ಬೀದರ್‌ನ ಚಿದ್ರಿಯಲ್ಲಿ ನನ್ನ ಬಂಧುಗಳ ಮನೆಯಿದೆ. ಕಳೆದ ಬಾರಿ ಹೋದಾಗ ಆ ಮನೆಯ ಮಗಳು ತನ್ನ ಸಂಶೋಧನೆಯ ಬಗ್ಗೆ ಮಾತನಾಡಿದಳು. ಸಾವಯವ ಸಂಶ್ಲೇಷಣೆ, ವೇಗವರ್ಧಕಗಳು, ಅಯಾನಿಕ ದ್ರವಗಳು ಅವಳ ಅಧ್ಯಯನದ ವಿಷಯ. ಅರ್ಥಶಾಸ್ತ್ರ ಓದಿ ಆಯುಷ್ಯವನ್ನೆಲ್ಲ ಕಡತಗಳ ನಡುವೆ ಕಳೆದ ನನಗೆ ಇವೆಲ್ಲ ಅಪರಿಚಿತ. ಆದರೆ ಅವಳ ಒಂದು ಪ್ರಶ್ನೆ ನನ್ನನ್ನು ತಟ್ಟಿತು: ‘ಕಾಕಾ, ಒಂದು ಕಿಲೋ ಔಷಧ ಮಾಡಬೇಕಂದ್ರ ಎಷ್ಟು ಕಿಲೋ ಕಸ ಆಗ್ತದ, ಗೊತ್ತದೇನು ನಿಮಗ?’

ನನಗೆ ಗೊತ್ತಿರಲಿಲ್ಲ. ರೋಜರ್ ಶೆಲ್ಡನ್ ಎಂಬ ರಸಾಯನಶಾಸ್ತ್ರಜ್ಞರು 1992ರಲ್ಲಿ ಇದರ ಲೆಕ್ಕವನ್ನು ಮುಂದಿಟ್ಟಿದ್ದರು. ತೈಲ ಶುದ್ಧೀಕರಣದಲ್ಲಿ ಪ್ರತಿ ಕಿಲೋ ಉತ್ಪನ್ನಕ್ಕೆ ಹುಟ್ಟುವ ತ್ಯಾಜ್ಯ ಸುಮಾರು 100 ಗ್ರಾಂ. ಔಷಧ ತಯಾರಿಕೆಯಲ್ಲಿ ಅದು 25ರಿಂದ 100 ಕಿಲೋ. ಅದರಲ್ಲಿ ದೊಡ್ಡ ಪಾಲು ದ್ರಾವಕಗಳದು.

ಬೀದರ್‌ಗೆ ಇದು ಪಠ್ಯಪುಸ್ತಕದ ಸಂಗತಿಯಲ್ಲ. ನಗರದ ಅಂಚಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಹಾಗೂ ಔಷಧ ಘಟಕಗಳಿವೆ. ದುರ್ವಾಸನೆ ಮತ್ತು ಕೆಟ್ಟ ಬಾವಿನೀರಿನ ಬಗ್ಗೆ ಸುತ್ತಲಿನ ಹಳ್ಳಿಗಳ ದೂರು ಹಳೆಯದು. ಬೀದರ್ ನಿಂತಿರುವುದು ನೀರನ್ನು ಒಳಗಿಳಿಸಿಕೊಳ್ಳುವ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಆ ಗುಣವನ್ನರಿತೇ ಬಹಮನಿಗಳ ಕಾಲದಲ್ಲಿ ನೌಬಾದ್‌ನ ಸುರಂಗ ಬಾವಿಯನ್ನು ನಿರ್ಮಿಸಿದರು. ಶುದ್ಧ ನೀರು ಇಳಿಯುವ ಹಾದಿಯಲ್ಲೇ ಕೊಳಕೂ ಇಳಿಯಬಲ್ಲದು.

ಕೊನೆಯಲ್ಲಿ ಶುದ್ಧೀಕರಿಸಿದರಾಯಿತು ಎಂಬ ಭರವಸೆಗೆ ನೆರೆಯ ತೆಲಂಗಾಣದ ಪಟಾನ್‌ಚೆರು ಉತ್ತರ ಕೊಟ್ಟಿದೆ. ಅಲ್ಲಿನ ಸಾಮೂಹಿಕ ಘಟಕದಲ್ಲಿ ಸಂಸ್ಕರಿಸಿ ಹೊರಬಿಟ್ಟ ನೀರಿನಲ್ಲಿ ಲೀಟರ್‌ಗೆ 31 ಮಿಲಿಗ್ರಾಂವರೆಗೂ ಸಿಪ್ರೊಫ್ಲಾಕ್ಸಾಸಿನ್ ಎಂಬ ಪ್ರತಿಜೀವಕ ಇತ್ತೆಂದು ಸ್ವೀಡನ್‌ನ ವಿಜ್ಞಾನಿಗಳು 2007ರಲ್ಲಿ ವರದಿ ಮಾಡಿದರು. ಕಸವನ್ನು ಆಮೇಲೆ ತೊಳೆಯುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದೇ ಲೇಸು.

ಈ ಹುಡುಗಿಯಂಥವರ ಸಂಶೋಧನೆಯ ಮಹತ್ವ ಇರುವುದು ಇಲ್ಲಿ. ವೇಗವರ್ಧಕವು ತಾನು ವ್ಯಯವಾಗದೆ ಕ್ರಿಯೆಯನ್ನು ನಡೆಸುತ್ತದೆ; ಹಂತಗಳನ್ನೂ ತ್ಯಾಜ್ಯವನ್ನೂ ತಗ್ಗಿಸುತ್ತದೆ. ನೋವುನಿವಾರಕ ಐಬುಪ್ರೊಫೆನ್‌ನ ತಯಾರಿಕೆಗೆ ಮೊದಲು ಆರು ಹಂತಗಳಿದ್ದವು. 1990ರ ದಶಕದಲ್ಲಿ ಬಂದ ವೇಗವರ್ಧಕ ವಿಧಾನದಲ್ಲಿ ಅವು ಮೂರಕ್ಕಿಳಿದವು. ಅಯಾನಿಕ ದ್ರವಗಳೆಂದರೆ ಕಡಿಮೆ ಉಷ್ಣತೆಯಲ್ಲೇ ದ್ರವವಾಗಿರುವ ಲವಣಗಳು. ಅಡುಗೆ ಉಪ್ಪು ಕರಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಪಾಲ್ ವಾಲ್ಡನ್ 1914ರಲ್ಲಿ ವರ್ಣಿಸಿದ ಲವಣಕ್ಕೆ 12 ಡಿಗ್ರಿ ಸಾಕು. ಇವು ಸಾಮಾನ್ಯ ದ್ರಾವಕಗಳಂತೆ ಸುಲಭವಾಗಿ ಆವಿಯಾಗುವುದಿಲ್ಲ, ಮರುಬಳಸಲೂ ಬಹುದು.

ಹಾಗೆಂದು ಇವು ಸಂಜೀವಿನಿಯಲ್ಲ. ಕೆಲವು ಅಯಾನಿಕ ದ್ರವಗಳು ಜಲಚರಗಳಿಗೆ ವಿಷ, ಮಣ್ಣಿನಲ್ಲಿ ಬೇಗ ಕೊಳೆಯುವುದಿಲ್ಲ, ಬೆಲೆಯೂ ಹೆಚ್ಚು. ಆ ಹುಡುಗಿಯೇ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಆದ್ದರಿಂದಲೇ ಸ್ಥಳೀಯ ಸಂಶೋಧನೆ ಬೇಕು.

ಸೇವೆಯಲ್ಲಿದ್ದಾಗ ಕೈಗಾರಿಕಾ ಪ್ರಸ್ತಾವಗಳಿಗೆ ನಾನೂ ಟಿಪ್ಪಣಿ ಬರೆದಿದ್ದೇನೆ. ಬಂಡವಾಳ ಎಷ್ಟು, ಉದ್ಯೋಗ ಎಷ್ಟು, ಭೂಮಿ ಎಷ್ಟು ಎಂದು ಕೇಳಿದೆ. ಒಂದು ಕಿಲೋ ಸರಕಿಗೆ ಎಷ್ಟು ಕಿಲೋ ಕಸ ಎಂದು ಒಮ್ಮೆಯೂ ಕೇಳಲಿಲ್ಲ. ಉತ್ಪಾದಕನ ಲೆಕ್ಕಕ್ಕೆ ಸೇರದ ವೆಚ್ಚ ಸಮಾಜದ ತಲೆಗೆ ಬರುತ್ತದೆಂದು ಪಿಗೂ 1920ರಲ್ಲೇ ವಿವರಿಸಿದ್ದನ್ನು ಎಂ.ಎ. ತರಗತಿಯಲ್ಲಿ ಓದಿದ್ದೆ. ಕಚೇರಿಯಲ್ಲಿ ಅದನ್ನು ಮರೆತಿದ್ದೆ.

ಕಾರ್ಖಾನೆಗಳನ್ನು ಮುಚ್ಚಿ ಎಂಬುದು ನನ್ನ ವಾದವಲ್ಲ. ಉದ್ಯೋಗಕ್ಕಾಗಿ ಹೈದರಾಬಾದಿಗೂ ಪುಣೆಗೂ ಗುಳೆ ಹೋಗುವ ಜಿಲ್ಲೆಯಲ್ಲಿ ಅದು ಹೊಣೆಗೇಡಿ ಮಾತು. ಸಣ್ಣ ಘಟಕಗಳು ಸ್ವಂತ ಸಂಶೋಧನಾಲಯ ನಡೆಸಲಾರವು ಎಂಬುದೂ ನಿಜ. ಹಾಗಾದರೆ ಆ ಕೆಲಸ ಸಾರ್ವಜನಿಕ ಹಣದಿಂದ ನಡೆಯಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ರಸ್ತೆ, ಕಟ್ಟಡಗಳಲ್ಲೇ ಕರಗದೆ, ಅದರ ಒಂದು ಅಂಶ ಬೀದರ್ ವಿಶ್ವವಿದ್ಯಾಲಯ ಮತ್ತು ಸ್ಥಳೀಯ ಕಾಲೇಜುಗಳ ಜಂಟಿ ಪ್ರಯೋಗಾಲಯಕ್ಕೆ ಸಲ್ಲಲಿ. ದ್ರಾವಕಗಳ ಮರುಬಳಕೆ, ಅಗ್ಗದ ವೇಗವರ್ಧಕಗಳು ಅದರ ಮೊದಲ ಕೆಲಸವಾಗಲಿ. ಪ್ರತಿ ಘಟಕವೂ ಕಿಲೋವಾರು ತ್ಯಾಜ್ಯದ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಲಿ. ಕಡಿಮೆ ಮಾಡಿದವರಿಗೆ ತೆರಿಗೆ, ಶುಲ್ಕಗಳಲ್ಲಿ ರಿಯಾಯಿತಿ ಸಿಗಲಿ.

ಬೀದರ್‌ಗೆ ರಸಾಯನಶಾಸ್ತ್ರ ಹೊಸದಲ್ಲ. ಬಿದ್ರಿ ಕುಶಲಕರ್ಮಿ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಬೆರೆಸಿ ಸತು-ತಾಮ್ರದ ಪಾತ್ರೆಗೆ ಲೇಪಿಸುತ್ತಾನೆ. ಲೋಹ ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಹಾಗೆಯೇ ಹೊಳೆಯುತ್ತದೆ. ಎಲ್ಲಿ ಕ್ರಿಯೆ ನಡೆಯಬೇಕೋ ಅಲ್ಲಿ ಮಾತ್ರ ನಡೆಸುವ ಆ ಜಾಣ್ಮೆಯನ್ನೇ ಇಂದಿನ ವಿಜ್ಞಾನಿಯೂ ವೇಗವರ್ಧಕದಲ್ಲಿ ಹುಡುಕುತ್ತಿದ್ದಾನೆ. ಚಿದ್ರಿಯ ಆ ಹುಡುಗಿಗೆ ಸಂಶೋಧನೆ ಮುಗಿದ ಮೇಲೆ ಊರಿಗೆ ಮರಳುವ ಆಸೆಯಿದೆ. ಮರಳಿದರೆ ಅವಳಿಗೊಂದು ಪ್ರಯೋಗಾಲಯ ಇಲ್ಲಿರುತ್ತದೆಯೇ?