ಮೈಲೇಜ್ ಕುಸಿದಾಗ ಮೊದಲು ಚಕ್ರದತ್ತ ನೋಡಿ
ಮಳೆಗಾಲ ಕಳೆದ ಮೇಲೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮನೆಯ ಎಸ್‌ಯುವಿ ಏಕಾಏಕಿ ಹೆಚ್ಚು ಇಂಧನ ಕುಡಿಯತೊಡಗಿದರೆ ಇಂಜೆಕ್ಟರ್ ಬದಲಿಸಲು ಅವಸರ ಬೇಡ. ಮೊದಲು ಸರಿಯಾದ ಲೆಕ್ಕ ಸಿಗಬೇಕು: ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತಂದು, ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಬೇಕು. 480 ಕಿ.ಮೀ. ಓಡಿದ ಗಾಡಿ 40 ಲೀಟರ್ ಹಿಡಿದರೆ ಮೈಲೇಜ್ 12. ದಾರಿಯೂ ಮುಖ್ಯ. ಬಿ.ಸಿ. ರೋಡ್–ಮೂಡುಬಿದಿರೆ ಓಡಾಟವನ್ನೂ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಉಜಿರೆ ದಾಟಿ ಚಾರ್ಮಾಡಿ ಘಾಟಿ ಏರಿದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಬಳಿಕ ಟೈರ್ ತಣ್ಣಗಿರುವಾಗಲೇ ಗಾಳಿ ಅಳೆದು, ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿರುವಷ್ಟು ತುಂಬಿಸಬೇಕು. ಬಳಸದ ರೂಫ್ ಕ್ಯಾರಿಯರ್ ಕಳಚಬೇಕು. ಹಲವರ ಕಣ್ತಪ್ಪುವುದು ಬ್ರೇಕ್. ತಿಂಗಳುಗಟ್ಟಲೆ ನೀರು, ಕೆಸರು ಹೊಕ್ಕು ಕ್ಯಾಲಿಪರ್ ಪಿನ್ ತುಕ್ಕು ಹಿಡಿದರೆ ಪ್ಯಾಡ್ ಡಿಸ್ಕನ್ನು ಪೂರ್ತಿ ಬಿಡುವುದಿಲ್ಲ. ಎಂಜಿನ್ ಆ ಹಿಡಿತದ ವಿರುದ್ಧ ದಾರಿಯುದ್ದಕ್ಕೂ ಎಳೆಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ, ಬ್ರೇಕ್ ಹೆಚ್ಚು ತುಳಿಯದೆ ನಿಲ್ಲಿಸಿ, ರಿಮ್ ಮುಟ್ಟದೆ ಅದರ ಹತ್ತಿರ ಅಂಗೈ ಹಿಡಿದರೆ ಒಂದೇ ಚಕ್ರ ವಿಪರೀತ ಕಾದಿರುವುದು ಗೊತ್ತಾಗುತ್ತದೆ. ಮೆಕ್ಯಾನಿಕ್ ಪಿನ್ ಬಿಚ್ಚಿ, ತುಕ್ಕು ಉಜ್ಜಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿದರೆ ಬಹುಪಾಲು ಸರಿಹೋಗುತ್ತದೆ. ಪಿನ್ ಸವೆದಿದ್ದರೆ ಬದಲಿಸಬೇಕು. ಎಷ್ಟು ದೂರ ಓಡಿದರೂ ಟೆಂಪರೇಚರ್ ಮುಳ್ಳು ಮೇಲೇಳದಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿರಬಹುದು, ತಣ್ಣನೆಯ ಎಂಜಿನ್ನಿಗೆ ಹೆಚ್ಚು ಇಂಧನ ಬೇಕು. ಪೆಟ್ರೋಲ್ ಗಾಡಿಯಾದರೆ ಎಥನಾಲ್ ಬೆರೆತ ಇ20 ಪೆಟ್ರೋಲಿನ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು: ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಇವೆಲ್ಲ ನೋಡಿದ ಮೇಲೂ ಲೆಕ್ಕ ಕೂಡದಿದ್ದರೆ ಸ್ಕ್ಯಾನರ್ ಹಾಕಿಸಿ, ಆಕ್ಸಿಜನ್ ಸೆನ್ಸರ್, ಇಂಜೆಕ್ಟರ್ ಪರೀಕ್ಷೆಗೆ ಹಣ ಕೊಡಬಹುದು.